ಕಲ್ಲಚ್ಚಿನ ಕಾಡುಪ್ರಾಣಿಗಳು: ಆಡುಬಾನ್ ಚಿತ್ರವನ್ನು ಪರೀಕ್ಷಿಸುವುದು, ಕೊಳ್ಳುವುದು, ಕಾಪಾಡುವುದು ಹೇಗೆ

ಅಮೆರಿಕದ ಹಳೆ ವಸ್ತುಗಳ ಅಂಗಡಿಗಳಲ್ಲಿ, ಆನ್‌ಲೈನ್ ಹರಾಜುಗಳಲ್ಲಿ ಒಂದು ಬಗೆಯ ಚಿತ್ರ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಫ್ರೇಮಿನೊಳಗೆ ಒಂದು ಬೈಸನ್, ಇಲ್ಲವೇ ತೋಳ, ಇಲ್ಲವೇ ಒಂದು ಜೋಡಿ ಅಳಿಲು. ಮೈಮೇಲಿನ ಒಂದೊಂದು ಕೂದಲೂ ಎದ್ದು ಕಾಣುವಂಥ ಕೆಲಸ. ಅಡಿಯಲ್ಲಿ ಸಣ್ಣಕ್ಷರದಲ್ಲಿ ಹತ್ತೊಂಬತ್ತನೇ ಶತಮಾನದ ಅಮೆರಿಕದ ಚಿತ್ರಕಾರ ಆಡುಬಾನ್ ಹೆಸರು. ಚೀಟಿಯಲ್ಲಿ ‘ಒರಿಜಿನಲ್, ಹ್ಯಾಂಡ್ ಕಲರ್ಡ್’ ಅಂತ ಬರೆದಿರುತ್ತಾರೆ. ಬೆಲೆ 40 ಡಾಲರ್ ಇರಬಹುದು, 4,000 ಡಾಲರ್ ಕೂಡ ಇರಬಹುದು. ಎರಡೂ ನ್ಯಾಯವಾದ ಬೆಲೆಯೇ ಆಗಿರಬಹುದು, ಎರಡೂ ಮೋಸವೇ ಆಗಿರಬಹುದು.

ಯಾವುದು ಏನು ಅಂತ ಪತ್ತೆ ಮಾಡುವುದು ಅಷ್ಟೇನೂ ಕಷ್ಟವಲ್ಲ. ಆದರೆ ನೋಡುವುದಕ್ಕೆ ಒಂದು ಕ್ರಮ ಬೇಕು. ಹೆಚ್ಚಿನವರು ಮೊದಲು ಬಣ್ಣ ನೋಡಿ ಮರುಳಾಗುತ್ತಾರೆ. ನನ್ನ ಸಲಹೆ ಇದಕ್ಕೆ ತಿರುಗುಮುರುಗು. ಮೊದಲು ಅಳತೆ, ಆಮೇಲೆ ಗೆರೆ, ಆಮೇಲೆ ಅಕ್ಷರ, ಆಮೇಲೆ ಕಾಗದ. ಬಣ್ಣ ಎಲ್ಲಕ್ಕಿಂತ ಕೊನೆಗೆ. ಬಣ್ಣವನ್ನು ಯಾರು ಬೇಕಾದರೂ, ಯಾವಾಗ ಬೇಕಾದರೂ ಹಚ್ಚಬಹುದು. ಗೆರೆಯನ್ನು ಹಾಗೆ ಮಾಡಲು ಬರುವುದಿಲ್ಲ.

ಮೊದಲಿಗೆ ಒಂದಿಷ್ಟು ಹಿನ್ನೆಲೆ

ಇತಿಹಾಸ ಬೇಡ ಅನ್ನುವವರೂ ಇದನ್ನು ಓದಿಕೊಳ್ಳಿ. ಮುಂದಿನ ಪರೀಕ್ಷೆಗಳೆಲ್ಲ ಇದರ ಮೇಲೆಯೇ ನಿಂತಿವೆ.

ಜಾನ್ ಜೇಮ್ಸ್ ಆಡುಬಾನ್ ಅಂದರೆ ಎಲ್ಲರಿಗೂ ನೆನಪಾಗುವುದು ಹಕ್ಕಿಗಳು. 1827ರಿಂದ 1838ರವರೆಗೆ ಹೊರಬಂದ ಅವನ ಹಕ್ಕಿಚಿತ್ರಗಳು 435. ಅವು ತಾಮ್ರದ ತಗಡಿನಿಂದ ಅಚ್ಚಾದವು. ಅದು ಮುಗಿದ ಮೇಲೆ ಅವನು ಕೈ ಹಾಕಿದ್ದು ಉತ್ತರ ಅಮೆರಿಕದ ಸಸ್ತನಿಗಳಿಗೆ. ಪುಸ್ತಕದ ಹೆಸರು ‘ದಿ ವಿವಿಪೇರಸ್ ಕ್ವಾಡ್ರುಪೆಡ್ಸ್ ಆಫ್ ನಾರ್ತ್ ಅಮೆರಿಕ’. ಚಿತ್ರಗಳು 1845ರಿಂದ 1848ರವರೆಗೆ ಐದೈದರ ಕಂತಿನಲ್ಲಿ ಹೊರಬಂದವು. 30 ಕಂತು, 150 ಚಿತ್ರ. ಕಂತಿಗೆ 10 ಡಾಲರ್‌ನಂತೆ ಒಟ್ಟು 300 ಡಾಲರ್. ಚಂದಾದಾರರೂ ಹೆಚ್ಚುಕಡಿಮೆ 300 ಜನ. ಅಂದರೆ ಅಸಲಿ ದೊಡ್ಡ ಚಿತ್ರಗಳು ಜಗತ್ತಿನಲ್ಲಿ ಇರುವುದೇ ಕೆಲವು ನೂರು ಸೆಟ್ಟುಗಳಷ್ಟು.

ಈ ಸಲ ಅಚ್ಚು ಹಾಕಿದ್ದು ಹಕ್ಕಿಗಳ ಹಾಗೆ ಲಂಡನ್ನಿನಲ್ಲಲ್ಲ, ಫಿಲಡೆಲ್ಫಿಯಾದಲ್ಲಿ, ಜೆ. ಟಿ. ಬೋವೆನ್ ಅನ್ನುವವನ ಕಾರ್ಖಾನೆಯಲ್ಲಿ. ತಾಮ್ರದ ಬದಲು ಕಲ್ಲು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕ್ರೇಯಾನ್‌ನಿಂದ ಚಿತ್ರ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ ಶಾಯಿ ಜಿಡ್ಡು ಇರುವಲ್ಲಿ ಮಾತ್ರ ಹಿಡಿಯುತ್ತದೆ, ನೀರು ಇರುವಲ್ಲಿ ಹಿಡಿಯುವುದಿಲ್ಲ. ನಮ್ಮಲ್ಲಿ ಕಲ್ಲಚ್ಚು ಅಂತ ಕರೆದದ್ದು ಇದನ್ನೇ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದೂ ಹೀಗೆ ಕಲ್ಲಿನಿಂದಲೇ. ಅದೇ ವರ್ಷ ಆಡುಬಾನ್ ಪ್ರಾಣಿಗಳನ್ನು ಹುಡುಕಿಕೊಂಡು ಮಿಸೌರಿ ನದಿಯಲ್ಲಿ ಫೋರ್ಟ್ ಯೂನಿಯನ್ ಅನ್ನುವ ತುಪ್ಪಳ ವ್ಯಾಪಾರದ ಠಾಣೆಯವರೆಗೆ ಹೋಗಿದ್ದ.

ಇನ್ನೊಂದು ವಿಷಯ. ಇದು ಒಬ್ಬನ ಕೆಲಸವಲ್ಲ. ಆಡುಬಾನ್‌ಗೆ ಆಗಲೇ ಅರವತ್ತು ಸಮೀಪಿಸಿತ್ತು. 1846ರ ಹೊತ್ತಿಗೆ ಕಣ್ಣು ಮಂಜಾಯಿತು, ಸ್ವಲ್ಪ ಕಾಲಕ್ಕೆ ನೆನಪೂ ಕೈಕೊಟ್ಟಿತು. 1851ರ ಜನವರಿಯಲ್ಲಿ ತೀರಿಕೊಂಡ. ಸುಮಾರು ಅರ್ಧದಷ್ಟು ಚಿತ್ರ ಬರೆದವನು ಚಿಕ್ಕ ಮಗ ಜಾನ್ ವುಡ್‌ಹೌಸ್ ಆಡುಬಾನ್. ಅವನು ಪ್ರಾಣಿಗಳಿಗಾಗಿ ಟೆಕ್ಸಸ್‌ಗೆ ಹೋದ. ಉತ್ತರ ತುದಿಯ ಪ್ರಾಣಿಗಳನ್ನು ಬರೆಯಲು ಲಂಡನ್ನಿಗೆ ಹೋಗಿ, ಮ್ಯೂಸಿಯಂನಲ್ಲಿ ಒಳಗೆ ತುಂಬಿ ನಿಲ್ಲಿಸಿದ್ದ ಪ್ರಾಣಿಚರ್ಮಗಳನ್ನು ನೋಡಿ ಬರೆದ. ದೊಡ್ಡ ಮಗ ವಿಕ್ಟರ್ ಹಿನ್ನೆಲೆ ಬರೆಯುತ್ತಿದ್ದ, ವ್ಯವಹಾರ ನೋಡಿಕೊಳ್ಳುತ್ತಿದ್ದ. ವಿವರಣೆ ಬರೆದದ್ದು ಬಹುಪಾಲು ಚಾರ್ಲ್ಸ್ಟನ್ ಊರಿನ ಪಾದ್ರಿ ಜಾನ್ ಬಾಕ್‌ಮನ್. ಅವನ ಇಬ್ಬರು ಹೆಣ್ಣುಮಕ್ಕಳನ್ನು ಆಡುಬಾನ್‌ನ ಇಬ್ಬರು ಗಂಡುಮಕ್ಕಳು ಮದುವೆಯಾಗಿದ್ದರು. ಬೀಗರ ಪುಸ್ತಕ ಅಂದರೂ ನಡೆಯುತ್ತದೆ.

ದೊಡ್ಡ ಪುಸ್ತಕ ಎಲ್ಲರ ಕೈಗೆಟುಕುವಂಥದ್ದಲ್ಲ, ಅಲ್ವಾ? ಅದಕ್ಕೇ 1849ರಿಂದ 1854ರವರೆಗೆ ಚಿಕ್ಕ ಆಕಾರದಲ್ಲಿ ಮೂರು ಸಂಪುಟ ತಂದರು. ಅದರಲ್ಲಿ 155 ಚಿತ್ರ. ಆಮೇಲೂ ಅದು ಮತ್ತೆ ಮತ್ತೆ ಅಚ್ಚಾಯಿತು. ಮಾರುಕಟ್ಟೆಯಲ್ಲಿ ಜಾಸ್ತಿ ಓಡಾಡುವುದು ಈ ಚಿಕ್ಕವೇ.

ಹೊರಡುವ ಮುಂಚೆ ಚೀಲದಲ್ಲಿ

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಒಂದು ಬೇಕೇ ಬೇಕು. ಒಡವೆ ಅಂಗಡಿಯವರು ಕಣ್ಣಿಗೆ ಒತ್ತಿ ಹಿಡಿಯುತ್ತಾರಲ್ಲ, ಅದೇ. ಜೊತೆಗೆ ಸೆಂಟಿಮೀಟರ್ ಟೇಪು, ಒಂದು ಸಣ್ಣ ಟಾರ್ಚು, ನೋಟು ಪರೀಕ್ಷಿಸುವ ಅಲ್ಟ್ರಾವಯೊಲೆಟ್ ಟಾರ್ಚು. ಕೈಗವಸು ಬೇಡ. ಗವಸು ಹಾಕಿದ ಬೆರಳಿಗೆ ಕಾಗದದ ಅಂಚು ತಿಳಿಯುವುದಿಲ್ಲ, ಹರಿಯುವ ಸಂಭವವೇ ಜಾಸ್ತಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು.

ಲೂಪ್ ಹಿಡಿಯುವುದನ್ನು ಮನೆಯಲ್ಲೇ ಕಲಿಯಿರಿ. ಇವತ್ತಿನ ಪತ್ರಿಕೆಯ ಬಣ್ಣದ ಫೋಟೊ ನೋಡಿ: ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಸಾಲು ಹಿಡಿದು ನಿಂತಿರುತ್ತವೆ. ದೇವರ ಮನೆಯಲ್ಲಿ ಅಜ್ಜಿ ಕಾಲದ ರವಿವರ್ಮ ಪಟ ಇದ್ದರೆ ಅದನ್ನೂ ನೋಡಿ. ನಿಜಕ್ಕೂ ಹಳೆಯದಾದರೆ ಅದು ಕ್ರೋಮೊಲಿಥೋಗ್ರಾಫ್. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿ ಅಚ್ಚು ಹಾಕಿದ್ದು. ಅದರಲ್ಲೂ ಬಣ್ಣದ ಚುಕ್ಕೆಗಳಿರುತ್ತವೆ, ಆದರೆ ಸಾಲು ಹಿಡಿದಿರುವುದಿಲ್ಲ. ಕೈಯಿಂದ ಹಾಕಿದ ಚುಕ್ಕೆಗಳ ಹಾಗೆ ಅಡ್ಡಾದಿಡ್ಡಿ ಇರುತ್ತವೆ. ಈ ಎರಡು ಬಗೆಯೂ ಕಣ್ಣಿಗೆ ಅಭ್ಯಾಸವಾದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು: ಅಳತೆ

ಕಾಗದದ ಅಳತೆ ತೆಗೆಯಿರಿ, ಫ್ರೇಮಿನದ್ದಲ್ಲ. ದೊಡ್ಡ ಆವೃತ್ತಿಯನ್ನು ಇಂಪೀರಿಯಲ್ ಫೋಲಿಯೊ ಅನ್ನುತ್ತಾರೆ. ಹಾಳೆ ಸುಮಾರು 56 ಸೆಂ.ಮೀ. ಅಗಲ, 71 ಸೆಂ.ಮೀ. ಉದ್ದ. ಚಿಕ್ಕ ಆವೃತ್ತಿ ಆಕ್ಟೇವೊ. ಅದು ಸುಮಾರು 18ಕ್ಕೆ 27 ಸೆಂ.ಮೀ. ಕಟ್ಟು ಹಾಕುವಾಗ, ಫ್ರೇಮ್ ಮಾಡುವಾಗ ಅಂಚು ಕತ್ತರಿಸಿರುವುದು ಉಂಟು. ಆದ್ದರಿಂದ ಒಂದೆರಡು ಸೆಂಟಿಮೀಟರ್ ಕಡಿಮೆ ಬಂದರೆ ಗಾಬರಿ ಬೇಡ.

ಇವೆರಡರ ನಡುವಿನ ಅಳತೆ, ಉದಾಹರಣೆಗೆ 28ಕ್ಕೆ 36 ಸೆಂ.ಮೀ. ಬಂದರೆ ಎಚ್ಚರ. ಆ ಅಳತೆಯಲ್ಲಿ ಆಡುಬಾನ್ ಕುಟುಂಬ ಪ್ರಾಣಿಚಿತ್ರಗಳನ್ನು ಹೊರತಂದಿಲ್ಲ. ಇಪ್ಪತ್ತನೇ ಶತಮಾನದ ಕ್ಯಾಲೆಂಡರು, ಗೋಡೆಗೆ ಹಾಕಲೆಂದು ಮಾಡಿದ ಮರುಮುದ್ರಣ, ದೊಡ್ಡ ಪುಸ್ತಕದಿಂದ ಹರಿದ ಪುಟ, ಇವೆಲ್ಲ ಆ ಅಳತೆಯಲ್ಲಿ ಸಿಗುತ್ತವೆ. ಮಾರಾಟಕ್ಕಿರುವ ಬಹಳಷ್ಟು ಚಿತ್ರಗಳು ಈ ಒಂದೇ ಪರೀಕ್ಷೆಯಲ್ಲಿ ಹೊರಬೀಳುತ್ತವೆ.

ಎರಡು: ಗೆರೆ

ಇಲ್ಲಿ ನಿಧಾನ ಮಾಡಿ. ಲೂಪನ್ನು ಪ್ರಾಣಿಯ ಮುಖದ ಮೇಲಿಡಬೇಡಿ. ಹಿನ್ನೆಲೆಯ ಆಕಾಶ, ದೂರದ ಗುಡ್ಡ, ನೆಲದ ನೆರಳು, ಇಂಥ ಪೇಲವ ಜಾಗ ಆರಿಸಿಕೊಳ್ಳಿ. ನಕಲಿನ ಗುಟ್ಟು ಬಯಲಾಗುವುದು ಅಲ್ಲೇ.

ಅಸಲಿಯಲ್ಲಿ ಅಚ್ಚಾಗಿರುವುದು ಮೂಲತಃ ಕಪ್ಪು ಗೆರೆ ಮಾತ್ರ. ಮಿಕ್ಕ ಬಣ್ಣವೆಲ್ಲ ಕುಂಚದಿಂದ ಬಂದದ್ದು. ಕಪ್ಪು ಗೆರೆಯನ್ನು ಲೂಪಿನಲ್ಲಿ ನೋಡಿದರೆ ಅದು ಒಂದೇ ಎಳೆಯಾಗಿರುವುದಿಲ್ಲ. ಕಲ್ಲಿನ ಮೇಲ್ಮೈ ತೀರಾ ಸಣ್ಣ ತರಿಯಾಗಿರುತ್ತದೆ. ಕ್ರೇಯಾನ್ ಆ ತರಿಯ ತಲೆಯ ಮೇಲಷ್ಟೇ ಅಂಟುತ್ತದೆ. ಹಾಗಾಗಿ ಗೆರೆ ಒಡೆದೊಡೆದು, ಪುಡಿಪುಡಿಯಾಗಿ ಕಾಣುತ್ತದೆ. ಆ ಪುಡಿಗೆ ಸಾಲಿಲ್ಲ, ಲೆಕ್ಕವಿಲ್ಲ, ಒಂದರ ಹಾಗೆ ಒಂದಿಲ್ಲ. ಮೀಸೆಯ ಕೂದಲು, ಹುಲ್ಲಿನ ಎಸಳಿನಂಥ ಕಡೆ ಪೆನ್ನಿನ ಚೂಪು ಗೆರೆಯೂ ಇರುತ್ತದೆ. ಅದು ಅಖಂಡವಾಗಿ, ಕಡುಕಪ್ಪಾಗಿ ಕಾಣುತ್ತದೆ. ಕಪ್ಪು ಪುಡಿಗಳ ನಡುವೆ ಕಾಣಬೇಕಾದ್ದು ಕಾಗದದ ನಾರು ಮತ್ತು ಅದರಲ್ಲಿ ಇಂಗಿದ ಜಲವರ್ಣ.

ನಕಲಿಯಾದರೆ ಬೇರೆ ಲಕ್ಷಣ. ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣದ ಚುಕ್ಕೆಗಳು ಸಣ್ಣ ಸಣ್ಣ ಹೂವಿನ ಆಕಾರ ಕಟ್ಟಿಕೊಂಡಿರುತ್ತವೆ. ಇಂಕ್‌ಜೆಟ್‌ನಲ್ಲಿ ಬಣ್ಣದ ತುಂತುರು ಚಿಮುಕಿಸಿದಂತಿರುತ್ತದೆ. ಆಕಾಶದ ತಿಳಿನೀಲಿಯೊಳಗೆ ಒಂದೇ ಒಂದು ಗುಲಾಬಿ ಚುಕ್ಕೆ ಕಂಡರೂ ಸಾಕು, ಲೂಪ್ ಮಡಚಿ ಚೀಲಕ್ಕೆ ಹಾಕಿ. ಹಳೆ ಕಾಲದ ಕಾಲೊಟೈಪ್, ಅಂದರೆ ಜೆಲಟಿನ್ ಪದರದಿಂದ ಅಚ್ಚು ಹಾಕಿದ ಮರುಮುದ್ರಣ ಮಾತ್ರ ಸ್ವಲ್ಪ ಕಾಡಿಸುತ್ತದೆ. ಅದರಲ್ಲಿ ಚುಕ್ಕೆ ಇರುವುದಿಲ್ಲ, ಸುರುಟಿಕೊಂಡ ದಾರದಂಥ ನವಿರು ಜಾಲ ಇರುತ್ತದೆ. ಅನುಮಾನ ಬಂದರೆ ಅಳತೆಗೆ ಮರಳಿ ಹೋಗಿ, ಇಲ್ಲವೇ ಮುಂದಿನ ಕಾಗದದ ಪರೀಕ್ಷೆಗೆ ಹೋಗಿ.

ಇನ್ನೊಂದು ಉಪಾಯ ಇದಕ್ಕಿಂತ ಗಟ್ಟಿ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಂಥ ಸಂಸ್ಥೆಗಳು ತಮ್ಮಲ್ಲಿರುವ ಪ್ರತಿಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿನಲ್ಲಿ ಇಟ್ಟಿವೆ. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲೂ ಸಿಗುತ್ತವೆ, ಕಾಸು ಕೊಡಬೇಕಿಲ್ಲ. ನಿಮಗೆ ಬೇಕಾದ ಚಿತ್ರವನ್ನು ಫೋನಿನಲ್ಲಿ ಇಳಿಸಿಕೊಂಡು ಹೋಗಿ. ಎಡಗಿವಿಯ ತುದಿ, ಕಾಲಬುಡದ ಹುಲ್ಲು, ಬಾಲದ ನೆರಳು, ಹೀಗೆ ಒಂದೊಂದೇ ಜಾಗ ಹೋಲಿಸಿ. ಒಂದೇ ಕಲ್ಲಿನಿಂದ ಬಂದಿದ್ದರೆ ಗೆರೆಗೆ ಗೆರೆ ಕೂಡಬೇಕು. ಬಣ್ಣ ಕೂಡದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅದು ಕೂಡುವುದೇ ಇಲ್ಲ. ದೊಡ್ಡದಕ್ಕೂ ಚಿಕ್ಕದಕ್ಕೂ ಕಲ್ಲು ಬೇರೆ. ಕ್ಯಾಮೆರಾ ಲ್ಯೂಸಿಡಾ ಅನ್ನುವ ಸಲಕರಣೆಯಿಂದ ಚಿತ್ರವನ್ನು ಚಿಕ್ಕದು ಮಾಡಿ ಹೊಸದಾಗಿ ಬರೆದಿದ್ದರು. ಹಾಗಾಗಿ ಆಕ್ಟೇವೊವನ್ನು ಆಕ್ಟೇವೊದ ಜೊತೆಗೇ ಹೋಲಿಸಬೇಕು.

ಹಾಗೆಯೇ ಕಾಗದದ ಅಂಚಿನ ಬಳಿ ಬೆರಳಾಡಿಸಿ ನೋಡಿ. ತಾಮ್ರದ ತಗಡಿನ ಅಚ್ಚಾದರೆ ಚಿತ್ರದ ಸುತ್ತ ತಗ್ಗಿದ ಚೌಕ ಗುರುತು ಇರುತ್ತದೆ. ಕಲ್ಲಚ್ಚಿನಲ್ಲಿ ಅದು ಇರುವುದಿಲ್ಲ. ಮಾರುವವರು ‘ಎನ್‌ಗ್ರೇವಿಂಗ್’, ಅಂದರೆ ತಗಡಿನಲ್ಲಿ ಕೊರೆದ ಅಚ್ಚು ಅಂತ ಬರೆದಿದ್ದರೆ ಅದು ಮೋಸವೇ ಆಗಬೇಕಿಲ್ಲ. ಬಹಳ ಸಲ ಅವರಿಗೂ ಗೊತ್ತಿರುವುದಿಲ್ಲ, ಅಷ್ಟೇ.

ಮೂರು: ಅಕ್ಷರ

ಚಿತ್ರದ ಮೇಲ್ಗಡೆ ಎಡಕ್ಕೆ ಕಂತಿನ ಸಂಖ್ಯೆ, ಬಲಕ್ಕೆ ರೋಮನ್ ಅಂಕಿಯಲ್ಲಿ ಚಿತ್ರದ ಸಂಖ್ಯೆ. ಅಡಿಯಲ್ಲಿ ಎಡಕ್ಕೆ ಬರೆದವನ ಹೆಸರು: ‘ಡ್ರಾನ್ ಫ್ರಮ್ ನೇಚರ್ ಬೈ’ ಅಂತ ಇದ್ದು ಮುಂದೆ ಜೆ. ಜೆ. ಆಡುಬಾನ್ ಇಲ್ಲವೇ ಜೆ. ಡಬ್ಲ್ಯು. ಆಡುಬಾನ್. ಬಲಕ್ಕೆ ಬೋವೆನ್ ಹೆಸರು, ಫಿಲಡೆಲ್ಫಿಯಾ. ನಡುವೆ ಪ್ರಾಣಿಯ ಲ್ಯಾಟಿನ್ ಹೆಸರು, ಇಂಗ್ಲಿಷ್ ಹೆಸರು, ಎಷ್ಟೋ ಸಲ ಗಾತ್ರದ ಪ್ರಮಾಣ. ಚಿಕ್ಕ ಆವೃತ್ತಿಯ ಕೆಲವು ಚಿತ್ರಗಳಲ್ಲಿ ಬೋವೆನ್ ಬದಲು ನ್ಯೂಯಾರ್ಕಿನ ನಾಗೆಲ್ ಮತ್ತು ವೈನ್‌ಗಾರ್ಟ್ನರ್ ಹೆಸರಿರುತ್ತದೆ. ಅದೂ ಅಸಲಿಯೇ.

ಇಲ್ಲೊಂದು ಸುಲಭ ಲೆಕ್ಕ ಇದೆ. ಕಂತಿಗೆ ಐದು ಚಿತ್ರ. ಹಾಗಾದರೆ ಚಿತ್ರದ ಸಂಖ್ಯೆಯನ್ನು ಐದರಿಂದ ಭಾಗಿಸಿ, ಶೇಷ ಉಳಿದರೆ ಒಂದು ಕೂಡಿಸಿದರೆ ಕಂತಿನ ಸಂಖ್ಯೆ ಬರಬೇಕು. 56ನೇ ಚಿತ್ರ ಗಂಡು ಬೈಸನ್, ಅದು 12ನೇ ಕಂತು. 101ನೇ ಚಿತ್ರ ಜಾಗ್ವಾರ್, 21ನೇ ಕಂತು. 131 ಗ್ರಿಜ್ಲಿ ಕರಡಿ, 27ನೇ ಕಂತು. ಲೆಕ್ಕ ಕೂಡದಿದ್ದರೆ ಯಾರೋ ಅಕ್ಷರ ತಿದ್ದಿದ್ದಾರೆ, ಇಲ್ಲವೇ ಎರಡು ಚಿತ್ರದ ತುಂಡು ಜೋಡಿಸಿದ್ದಾರೆ. ಅಂಚು ಕತ್ತರಿಸಿ ಈ ಸಂಖ್ಯೆಗಳೇ ಹೋಗಿದ್ದರೆ ಚಿತ್ರ ಅಸಲಿಯಾಗಿದ್ದರೂ ಬೆಲೆ ಬಹಳ ಇಳಿಯುತ್ತದೆ.

ಜೆ. ಡಬ್ಲ್ಯು. ಅಂತ ಇರುವುದನ್ನು ಕಂಡು ಮೂಗು ಮುರಿಯುವವರಿದ್ದಾರೆ. ಅಪ್ಪನದ್ದೇ ಬೇಕಂತೆ. ನನಗೆ ಈ ಹಟ ಅರ್ಥವಾಗುವುದಿಲ್ಲ. ಮಗನ ಕೆಲವು ಪ್ರಾಣಿಗಳು ಅಪ್ಪನದ್ದಕ್ಕಿಂತ ಸಮಾಧಾನವಾಗಿ ಕೂತಿವೆ. ಅಪ್ಪನ ಪ್ರಾಣಿಗಳು ಸದಾ ಹಲ್ಲು ಕಿರಿಯುತ್ತಲೇ ಇರುತ್ತವೆ. ಮೊದಲನೇ ಚಿತ್ರದ ಕಾಡುಬೆಕ್ಕನ್ನೇ ನೋಡಿ.

ಹೆಸರುಗಳ ಬಗ್ಗೆಯೂ ಒಂದು ಮಾತು. ಲ್ಯಾಟಿನ್ ಹೆಸರು ಇವತ್ತಿನದ್ದಕ್ಕಿಂತ ಬೇರೆ ಇದ್ದರೆ ಅದು ತಪ್ಪಲ್ಲ, ಹಳೆಯದು. 93ನೇ ಚಿತ್ರ ಕಪ್ಪುಗಾಲಿನ ಫೆರೆಟ್, ನೋಡಲು ಮುಂಗುಸಿಯಂಥ ಒಂದು ಸಣ್ಣ ಬೇಟೆಪ್ರಾಣಿ. ಈ ಪ್ರಾಣಿಯನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದ್ದೇ ಆಡುಬಾನ್ ಮತ್ತು ಬಾಕ್‌ಮನ್, 1851ರಲ್ಲಿ. ಅವರ ಕೈಲಿದ್ದದ್ದು ತುಪ್ಪಳ ವ್ಯಾಪಾರಿಯೊಬ್ಬ ಕಳಿಸಿದ ಒಂದೇ ಚರ್ಮ. ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಇನ್ನೊಂದು ಯಾರಿಗೂ ಸಿಗಲಿಲ್ಲ. ಅಂಥ ಪ್ರಾಣಿಯೇ ಇಲ್ಲ, ಆಡುಬಾನ್ ಕಟ್ಟುಕಥೆ ಅಂತ ಜನ ಆಡಿಕೊಂಡರು. ಪ್ರಾಣಿ ನಿಜವಾಗಿಯೂ ಇತ್ತು. ಇಪ್ಪತ್ತನೇ ಶತಮಾನದಲ್ಲಿ ಅಳಿದೇಹೋಯಿತು ಅಂದುಕೊಂಡಿದ್ದಾಗ 1981ರಲ್ಲಿ ವಯೋಮಿಂಗ್‌ನ ಒಂದು ಜಾನುವಾರು ಫಾರಂನ ನಾಯಿ ಒಂದನ್ನು ಕಚ್ಚಿ ತಂದಿತು. ಈಗ ಸಾಕಿ ಬೆಳೆಸಿ ಕಾಡಿಗೆ ಬಿಡುತ್ತಿರುವ ಸಂತತಿ ಹೀಗೆ ಸಿಕ್ಕ ಗುಂಪಿನದ್ದೇ. ಚಿತ್ರ ಕೊಳ್ಳುವಾಗ ನಾನು ಬೈಸನ್‌ಗಿಂತ ಇಂಥದ್ದರ ಕಡೆ ವಾಲುತ್ತೇನೆ.

ನಾಲ್ಕು: ಕಾಗದ

ಚಿತ್ರವನ್ನು ಫ್ರೇಮಿನಿಂದ ತೆಗೆಸಿ. ತೆಗೆಯಲು ಒಪ್ಪದಿದ್ದರೆ ಅಲ್ಲಿಗೇ ಬಿಡಿ. ಹಿಂದಿನ ಬದಿ ನೋಡದೆ ದೊಡ್ಡ ದುಡ್ಡು ಕೊಡಬೇಡಿ.

ಆ ಕಾಲದ ಕಾಗದ ಹತ್ತಿ, ನಾರುಬಟ್ಟೆಯ ಚಿಂದಿಯಿಂದ ಮಾಡಿದ್ದು. ಮುಟ್ಟಿದರೆ ಮೆತ್ತಗೆ, ಆದರೆ ಗಟ್ಟಿ. ಹೊಳಪಿಲ್ಲ. ಮರದ ತಿರುಳಿನ ಕಾಗದ ಬಳಕೆಗೆ ಬಂದದ್ದು ಆಮೇಲೆ. ಅದು ವಯಸ್ಸಾದಂತೆ ಹಪ್ಪಳದ ಹಾಗೆ ಮುರಿಯುತ್ತದೆ. ಕತ್ತಲೆ ಮೂಲೆಗೆ ಹೋಗಿ ಅಲ್ಟ್ರಾವಯೊಲೆಟ್ ಟಾರ್ಚ್ ಬಿಡಿ. ಹಳೆ ಕಾಗದ ಮಂಕಾಗಿಯೇ ಇರುತ್ತದೆ. ಬಿಳಿ ಅಂಗಿಯಂತೆ ನೀಲಿಯಾಗಿ ಝಗಮಗಿಸಿದರೆ ಅದರಲ್ಲಿ ಹೊಳಪು ರಾಸಾಯನಿಕ ಇದೆ. ಅದನ್ನು ಕಾಗದಕ್ಕೆ ಬೆರೆಸತೊಡಗಿದ್ದು ಸುಮಾರು 1950ರ ಆಸುಪಾಸಿನಲ್ಲಿ. ಬೇರೆ ವಾದವೇ ಬೇಡ.

ಎಡ ಅಂಚಿನಲ್ಲಿ ಸಣ್ಣ ಹೊಲಿಗೆ ತೂತುಗಳಿದ್ದರೆ ಅದು ದೋಷವಲ್ಲ, ಪುಸ್ತಕದಲ್ಲಿ ಕಟ್ಟಿದ್ದ ಗುರುತು. ಆದರೆ ಅಂಚು ಹೊಚ್ಚಹೊಸದಾಗಿ ಕತ್ತರಿಸಿದಂತಿದ್ದು, ಅಂಗಡಿಯಲ್ಲಿ ಅದೇ ಪುಸ್ತಕದ ಮಿಕ್ಕ ಚಿತ್ರಗಳೂ ಸಾಲಾಗಿ ಇದ್ದರೆ, ಯಾರೋ ಇಡೀ ಸಂಪುಟವನ್ನು ಮೊನ್ನೆಮೊನ್ನೆ ಬಿಡಿಸಿದ್ದಾರೆ ಅಂತ ಅರ್ಥ. ಬಿಡಿಬಿಡಿಯಾಗಿ ಮಾರಿದರೆ ಲಾಭ ಜಾಸ್ತಿ. ಕಾನೂನು ಅಡ್ಡ ಬರುವುದಿಲ್ಲ. ನಾನಂತೂ ಅಂಥದ್ದನ್ನು ಕೊಳ್ಳುವುದಿಲ್ಲ. ದಶಕಗಳ ಹಿಂದೆಯೇ ಬಿಡಿಯಾದ ಹಾಳೆಗಳು ಬೇಕಾದಷ್ಟು ಸಿಗುತ್ತವೆ.

ಐದು: ಈಗ ಬಣ್ಣ

ಇಲ್ಲಿಯವರೆಗೆ ಎಲ್ಲ ಸರಿ ಬಂದಿದ್ದರೆ ಈಗ ಬಣ್ಣ ನೋಡಿ ಖುಷಿಪಡಬಹುದು.

ಬೋವೆನ್‌ನ ಕಾರ್ಖಾನೆಯಲ್ಲಿ ಬಣ್ಣ ಹಚ್ಚುತ್ತಿದ್ದವರು ಹೆಚ್ಚಾಗಿ ಹೆಂಗಸರು. ಎದುರಿಗೆ ಒಂದು ಮಾದರಿ ಪ್ರತಿ ಇಟ್ಟುಕೊಂಡು ಅದರಂತೆ ಹಚ್ಚಬೇಕು. ಅವರ ಹೆಸರು ಯಾವ ಚಿತ್ರದ ಅಡಿಯಲ್ಲೂ ಇಲ್ಲ. ಬರೆದವನ ಹೆಸರಿದೆ, ಅಚ್ಚು ಹಾಕಿಸಿದವನ ಹೆಸರಿದೆ, ಕೆಲವು ಕಡೆ ಕಲ್ಲಿನ ಮೇಲೆ ಇಳಿಸಿದವನ ಹೆಸರೂ ಇದೆ. ನಾವು ಮರುಳಾಗುವುದು ಯಾರ ಕೆಲಸಕ್ಕೋ ಅವರದ್ದು ಮಾತ್ರ ಇಲ್ಲ.

ಕೈಯಿಂದ ಹಚ್ಚಿದ ಬಣ್ಣಕ್ಕೆ ಕೆಲವು ಗುರುತುಗಳಿವೆ. ಬಣ್ಣ ನಿಂತ ಅಂಚಿನಲ್ಲಿ ತುಸು ಗಾಢವಾದ ಗೆರೆ ಇರುತ್ತದೆ, ನೀರು ಒಣಗುವಾಗ ಬಣ್ಣ ಅಂಚಿಗೆ ಸರಿದದ್ದು ಅದು. ಅಲ್ಲಲ್ಲಿ ಬಣ್ಣ ಕಪ್ಪು ಗೆರೆ ದಾಟಿ ಹೊರಗೆ ಬಂದಿರುತ್ತದೆ, ಇಲ್ಲವೇ ಗೆರೆ ಮುಟ್ಟದೆ ನಿಂತಿರುತ್ತದೆ. ಎರಡು ಬಣ್ಣ ಸೇರುವಲ್ಲಿ ಮೂರನೆಯದು ಹುಟ್ಟಿರುತ್ತದೆ. ಆಮೇಲೆ ಟಾರ್ಚನ್ನು ಕಾಗದದ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಡಿ. ಕಣ್ಣಿನ ಪಾಪೆ, ಮೂಗಿನ ತುದಿ, ತುಪ್ಪಳದ ಕಪ್ಪು ಭಾಗ ಮಿಂಚಿದರೆ ಅದು ಅರಬಿಕ್ ಗೋಂದು. ಬಣ್ಣಕ್ಕೆ ಆಳ ಬರಲೆಂದು ಮೇಲೆ ತೆಳ್ಳಗೆ ಸವರುತ್ತಿದ್ದರು. ಈ ಮಿಂಚು ನೇರವಾಗಿ ತೆಗೆದ ಫೋಟೊದಲ್ಲಿ ಕಾಣುವುದಿಲ್ಲ. ಅದಕ್ಕೇ ಆನ್‌ಲೈನ್‌ನಲ್ಲಿ ಕೊಳ್ಳುವಾಗ ಓರೆ ಬೆಳಕಿನಲ್ಲಿ ತೆಗೆದ ಫೋಟೊ ಒಂದನ್ನು ಕೇಳಿ ತರಿಸಿಕೊಳ್ಳಿ.

ಹಿಮಬಿಳಿಯ ಜಾಗದಲ್ಲಿ ಬೂದಿ ಅಥವಾ ಕಪ್ಪು ಮಚ್ಚೆ ಕಂಡರೆ ಕೊಳೆ ಅಂತ ತಿಕ್ಕಬೇಡಿ. ಸೀಸದ ಬಿಳಿ ಬಣ್ಣ ಗಾಳಿಯಲ್ಲಿನ ಗಂಧಕದ ಜೊತೆ ಸೇರಿ ಕಪ್ಪಾಗಿದೆ. ನುರಿತ ಕಾಗದ ಸಂರಕ್ಷಕರು ಅದನ್ನು ಮತ್ತೆ ಬಿಳಿ ಮಾಡಬಲ್ಲರು. ಮನೆಯಲ್ಲಿ ಮಾಡುವ ಕೆಲಸವಲ್ಲ.

ಆಮೇಲೆ ಹಚ್ಚಿದ ಬಣ್ಣದ ಸಮಸ್ಯೆ ಆಡುಬಾನ್‌ಗಿಂತ ಇತರರ ಚಿತ್ರಗಳಲ್ಲಿ ಜಾಸ್ತಿ. ಹತ್ತೊಂಬತ್ತನೇ ಶತಮಾನದ ವಿಶ್ವಕೋಶಗಳ ಕಪ್ಪುಬಿಳುಪು ಪ್ರಾಣಿಚಿತ್ರಗಳನ್ನು ಹರಿದು, ಇತ್ತೀಚೆಗೆ ಬಣ್ಣ ಹಚ್ಚಿ ‘ಹ್ಯಾಂಡ್ ಕಲರ್ಡ್ ಆಂಟಿಕ್’ ಅಂತ ಮಾರುತ್ತಾರೆ. ಮಾತು ಸುಳ್ಳಲ್ಲ ನೋಡಿ: ಕಾಗದ ಆಂಟಿಕ್, ಬಣ್ಣ ಕೈಯದ್ದು. ಹೊಸ ಬಣ್ಣ ಕಾಗದದ ಕಂದು ಚುಕ್ಕೆಗಳ ಮೇಲೆ ಕೂತಿರುತ್ತದೆ. ಹಳೆ ಬಣ್ಣವಾದರೆ ಚುಕ್ಕೆ ಬಣ್ಣವನ್ನೂ ತಿಂದುಕೊಂಡು ಬಂದಿರುತ್ತದೆ. ಎಡಿನ್‌ಬರೋದಲ್ಲಿ ವಿಲಿಯಂ ಜಾರ್ಡಿನ್ 1833ರಿಂದ 1843ರವರೆಗೆ ತಂದ ಪುಟಾಣಿ ಪುಸ್ತಕಮಾಲೆಯ ಪ್ರಾಣಿಚಿತ್ರಗಳು ಅಗ್ಗವಾಗಿ ಸಿಗುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಪ್ರಾಣಿಗೆ ಮಾತ್ರ ಬಣ್ಣ, ಹಿನ್ನೆಲೆ ಬರೀ ಕಪ್ಪುಗೆರೆ. ಹಿನ್ನೆಲೆಗೂ ದಟ್ಟ ಬಣ್ಣ ಬಳಿದಿದ್ದರೆ ಅನುಮಾನಿಸಿ.

ಆರು: ಗಾಯಗಳು

ಕಂದು ಚುಕ್ಕೆ, ಅಂದರೆ ಫಾಕ್ಸಿಂಗ್, ಅಲ್ಪಸ್ವಲ್ಪ ಇದ್ದೇ ಇರುತ್ತದೆ. ಅಂಚಿನಲ್ಲಿದ್ದರೆ ಸಹಿಸಬಹುದು, ಪ್ರಾಣಿಯ ಮುಖದ ಮೇಲಿದ್ದರೆ ಬೇಡ. ಅಗ್ಗದ ರಟ್ಟಿನ ಆಮ್ಲದಿಂದ ಚಿತ್ರದ ಸುತ್ತ ಕಂದು ಚೌಕ ಬಿದ್ದಿರುತ್ತದೆ, ಅದು ಪೂರ್ತಿ ಹೋಗುವುದಿಲ್ಲ. ಹಿಂದೆ ರಟ್ಟು ಅಂಟಿಸಿದ್ದರೆ ಬಿಡಿಸುವ ಖರ್ಚು ಚಿತ್ರದ ಬೆಲೆಯನ್ನೇ ಮೀರಬಹುದು. ಕಾಗದ ತೀರಾ ಬೆಳ್ಳಗಿದ್ದು ಬಣ್ಣ ಮಾತ್ರ ಸೊರಗಿದ್ದರೆ ಯಾರೋ ಬ್ಲೀಚ್ ಮಾಡಿದ್ದಾರೆ. ನನಗೆ ಎಲ್ಲಕ್ಕಿಂತ ಬೇಸರ ತರಿಸುವುದು ಇದೇ. ಕಲೆ ಇರುವ ಚಿತ್ರ ಇದಕ್ಕಿಂತ ಮೇಲು.

ಏಳು: ಬೆಲೆ

ಆಕ್ಟೇವೊ ಚಿತ್ರಗಳು ಹತ್ತಾರು ಡಾಲರ್‌ನಿಂದ ಕೆಲವು ನೂರು ಡಾಲರ್‌ವರೆಗೆ ಇರುತ್ತವೆ. ದೊಡ್ಡವು ಸಾವಿರಗಳಲ್ಲಿ, ಬೇಡಿಕೆ ಇರುವವು ಹತ್ತಾರು ಸಾವಿರಗಳಲ್ಲಿ. ಬೆಲೆ ನಿಂತಿರುವುದು ಚಿತ್ರದ ಕುಸುರಿಯ ಮೇಲಲ್ಲ, ಪ್ರಾಣಿಯ ಮೇಲೆ. ಬೈಸನ್, ತೋಳ, ಕರಡಿ, ದೊಡ್ಡ ಬೆಕ್ಕುಗಳು ದುಬಾರಿ. ಇಲಿ, ಮೂಗಿಲಿ, ಅಳಿಲು ಅಗ್ಗ. ಆದರೆ ತುಪ್ಪಳದ ಕೆಲಸ ನೋಡಬೇಕೆಂದರೆ ಅಳಿಲುಗಳನ್ನೇ ನೋಡಬೇಕು. ದೊಡ್ಡ ಆವೃತ್ತಿಯಲ್ಲಿ ಚಿಕ್ಕ ಪ್ರಾಣಿಗಳನ್ನು ನಿಜ ಗಾತ್ರದಲ್ಲೇ ಬರೆದಿದ್ದಾರೆ. ಹೊಸಬರು ಮೊದಲ ಚಿತ್ರವಾಗಿ ಒಂದು ಆಕ್ಟೇವೊ ಅಳಿಲು ಕೊಂಡು, ಅದರ ಮೇಲೆ ಲೂಪ್ ಹಿಡಿದು ಕಣ್ಣು ಪಳಗಿಸಿಕೊಳ್ಳುವುದು ಒಳ್ಳೆಯದು.

ರಸೀದಿಯಲ್ಲಿ ಆವೃತ್ತಿ, ಚಿತ್ರದ ಸಂಖ್ಯೆ, ಅಚ್ಚು ಹಾಕಿದವನ ಹೆಸರು, ಲಿಥೋಗ್ರಾಫ್ (ಅಂದರೆ ಕಲ್ಲಚ್ಚು) ಅನ್ನುವ ಪದ, ಅಸಲಿಯಲ್ಲವೆಂದು ತಿಳಿದರೆ ಹಣ ವಾಪಸ್ ಅನ್ನುವ ಮಾತು, ಇಷ್ಟು ಬರೆಸಿಕೊಳ್ಳಿ. ‘ಆಡುಬಾನ್ ಪ್ರಿಂಟ್’ ಅಂತ ಮಾತ್ರ ಬರೆದ ರಸೀದಿಗೆ ಅರ್ಥವಿಲ್ಲ. ಕ್ಯಾಲೆಂಡರ್ ಪುಟವೂ ಆಡುಬಾನ್ ಪ್ರಿಂಟೇ.

ಎಂಟು: ಗೋಡೆಗೆ ಹಾಕುವುದು

ಕಾಗದಕ್ಕೆ ಇಬ್ಬರು ಶತ್ರುಗಳು, ಬೆಳಕು ಮತ್ತು ತೇವ. ಮ್ಯೂಸಿಯಂಗಳು ಸಾಮಾನ್ಯವಾಗಿ ಜಲವರ್ಣಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಲು ಬಿಡುವುದಿಲ್ಲ. ನಮ್ಮ ಮನೆಗಳ ಕಿಟಕಿ ಪಕ್ಕ ಇದರ ಎಷ್ಟೋ ಪಟ್ಟು ಬೆಳಕಿರುತ್ತದೆ. ಹಾಗಾಗಿ ಬಿಸಿಲು ಬೀಳದ ಒಳಗೋಡೆ ಆರಿಸಿ. ಫ್ರೇಮಿಗೆ ಅಲ್ಟ್ರಾವಯೊಲೆಟ್ ತಡೆಯುವ ಗಾಜು ಅಥವಾ ಅಕ್ರಿಲಿಕ್ ಹಾಕಿಸಿ. ಕಾಗದ ಗಾಜಿಗೆ ತಗುಲಬಾರದು, ನಡುವೆ ಆಮ್ಲರಹಿತ ಮ್ಯಾಟ್, ಅಂದರೆ ಚಿತ್ರದ ಸುತ್ತ ಇಡುವ ರಟ್ಟಿನ ಚೌಕಟ್ಟು ಇರಬೇಕು. ಸೆಲ್ಲೋಟೇಪು ಮುಟ್ಟಿಸಲೇಬೇಡಿ. ಜಪಾನಿ ಕಾಗದದ ಸಣ್ಣ ಪಟ್ಟಿಯನ್ನು ಗೋಧಿ ಗಂಜಿಯಿಂದ ಅಂಟಿಸಿ ಮೇಲಂಚಿನಿಂದ ತೂಗಿಸುವುದು ಸರಿಯಾದ ಕ್ರಮ. ಬೇಕೆಂದಾಗ ಒದ್ದೆ ಮಾಡಿ ಬಿಡಿಸಬಹುದು.

ಅಮೆರಿಕದ ಪುಸ್ತಕಗಳಲ್ಲಿ ಇಷ್ಟಕ್ಕೇ ನಿಲ್ಲಿಸಿರುತ್ತಾರೆ. ಮಂಗಳೂರು, ಉಡುಪಿ, ಮಡಿಕೇರಿಯ ಮಳೆಗಾಲಕ್ಕೆ ಇದು ಸಾಲದು. ಹೊರಗೋಡೆಗೆ ಚಿತ್ರ ಹಾಕಬೇಡಿ, ಮಳೆ ಬಡಿದ ಗೋಡೆಯ ತೇವ ನೇರ ಫ್ರೇಮಿಗೆ ಇಳಿಯುತ್ತದೆ. ಫ್ರೇಮಿನ ಹಿಂದೆ ನಾಲ್ಕೂ ಮೂಲೆಗೆ ಬಿರಡೆಯ ತುಂಡು ಅಂಟಿಸಿ ಗಾಳಿ ಆಡುವಂತೆ ಮಾಡಿ. ಗೋಡೆಗೆ ತೇವ ಇಳಿಯುವ ಮನೆಯಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿತ್ರವನ್ನು ಇಳಿಸಿ, ಆಮ್ಲರಹಿತ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗೇ ಬೂಷ್ಟು ಹಿಡಿಯುತ್ತದೆ. ಬೆಳ್ಳಿಮೀನು ಹುಳು ಗಂಜಿ, ಗೋಂದು ಎಂದರೆ ಪ್ರಾಣ ಬಿಡುತ್ತದೆ. ಫ್ರೇಮಿನ ಹಿಂಬದಿಯನ್ನು ಪೂರ್ತಿ ಮುಚ್ಚಿಸಿ. ನಾಫ್ತಲಿನ್ ಗುಳಿಗೆಯನ್ನು ಚಿತ್ರದ ಹತ್ತಿರ ಇಡಬೇಡಿ.

ಒಂಬತ್ತು: ಅಲ್ಲಿಂದ ಇಲ್ಲಿಗೆ ತರುವುದಾದರೆ

ಅಮೆರಿಕದಲ್ಲಿರುವ ನೆಂಟರ ಕೈಲಿ ತರಿಸುವವರು, ವಾಪಸು ಊರಿಗೆ ಬರುವಾಗ ತರುವವರು ಇದನ್ನು ಗಮನಿಸಿ. ಆಕ್ಟೇವೊ ಆದರೆ ಎರಡು ಗಟ್ಟಿ ಆಮ್ಲರಹಿತ ರಟ್ಟಿನ ನಡುವೆ ಇಟ್ಟು ಕೈಚೀಲದಲ್ಲೇ ತನ್ನಿ. ದೊಡ್ಡದನ್ನು ಚಪ್ಪಟೆ ಪೆಟ್ಟಿಗೆಯಲ್ಲಿ ಕಳಿಸಬೇಕು. ಸುರುಳಿ ಸುತ್ತಿ ಕೊಳವೆಗೆ ತುರುಕಿದರೆ ಗೋಂದು ಸವರಿದ ಜಾಗ ಬಿರುಕು ಬಿಡುತ್ತದೆ. ಗಾಜು ತೆಗೆಸಿ ತನ್ನಿ. ರಸೀದಿಯಲ್ಲಿ ಇಸವಿ ಸ್ಪಷ್ಟವಾಗಿರಲಿ, ಕಸ್ಟಮ್ಸ್‌ನವರು ಕೇಳುವುದು ಅದನ್ನೇ. ಆಗ ಎಷ್ಟು ಸುಂಕ ಅನ್ನುವುದನ್ನು ಮೊದಲೇ ವಿಚಾರಿಸಿಕೊಳ್ಳಿ.

ತರುವುದಕ್ಕಿಂತ ಮತ್ತೆ ಹೊರಗೆ ಒಯ್ಯುವುದು ಕಷ್ಟ. ಭಾರತದ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ 100 ವರ್ಷ ದಾಟಿದ ಕಲಾವಸ್ತುಗಳು ಪುರಾತನ ವಸ್ತುಗಳ ಲೆಕ್ಕಕ್ಕೆ ಸೇರುತ್ತವೆ. ಅಂಥವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಫಿಲಡೆಲ್ಫಿಯಾದಲ್ಲಿ ಅಚ್ಚಾದ ಅಳಿಲಿಗೂ ಇದು ಹೇಗೆ ಅನ್ವಯಿಸುತ್ತದೆ ಅನ್ನುವುದನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಹತ್ತಿರ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ, ಅದೂ ವಿಮಾನ ಹತ್ತುವ ಮುಂಚೆ. ಎರಡು ಮೂರು ವರ್ಷಕ್ಕೆ ಮತ್ತೆ ಅಮೆರಿಕಕ್ಕೆ ಹೋಗುವ ಯೋಚನೆ ಇದ್ದರೆ ಚಿತ್ರವನ್ನು ಅಲ್ಲೇ ಯಾರಾದರೂ ಗೆಳೆಯರ ಮನೆಯ ಒಳಗೋಡೆಗೆ ಹಾಕಿ ಬನ್ನಿ.